ಜಾಲಿಗಡ್ಡಿಯ ಸೊನ್ನೆ

ಹಿಂದೆಲ್ಲ ಗೂಗಿಬಂಡಿ ತಾಲ್ಲೂಕಿನ ಊರುಗಳಿಗೆ ಕೋಳಿ ಕೂಗುವ ಹೊತ್ತಿಗೆ ಬುಡಬುಡಕಿಯವನು ಬರುತ್ತಿದ್ದ. ತಲೆಗೆ ದೊಡ್ಡ ರುಮಾಲು, ಮೈಮೇಲೆ ಯಾರೋ ಕೊಟ್ಟ ಹಳೆಯ ಕೋಟು, ಕೈಯಲ್ಲಿ ಪುಟ್ಟ ಡಮರು. 'ಹಾಲಕ್ಕಿ ನುಡಿದೈತಿ' ಎಂದು ಬಾಗಿಲಲ್ಲಿ ನಿಂತು ಮನೆಯವರ ಮುಂದಿನ ದಿನಗಳನ್ನು ಹೇಳಿದರೆ ಅವನಿಗೆ ಒಂದು ಮೊರ ಜೋಳ ಗಿಟ್ಟುತ್ತಿತ್ತು. ಹೇಳಿದ್ದು ನಿಜವಾದರೆ ಹಕ್ಕಿಯ ಮಹಿಮೆ, ಸುಳ್ಳಾದರೆ ಮನೆಯವರ ಕರ್ಮ. ಈ ಕಥೆ ನಡೆಯುವ ಕಾಲಕ್ಕೆ ಅವನ ಪೈಕಿಯವರು ಯಾರೂ ಉಳಿದಿರಲಿಲ್ಲ. ಹೆಸರು ಮಾತ್ರ ಉಳಿದು ತಾಲ್ಲೂಕು ಕಚೇರಿಯ ಹಿಂದಿನ ಬಿಳಿ ಕಟ್ಟಡಕ್ಕೆ ಅಂಟಿಕೊಂಡಿತ್ತು. ಕಟ್ಟಡದ ನೆತ್ತಿಯ ಮೇಲೆ ಸರ್ಕಾರ 'ಮುನ್ನೋಟ ಕೇಂದ್ರ' ಎಂದು ಬರೆಸಿತ್ತು. ಜನ ಅದನ್ನು ಬುಡಬುಡಕಿ ಎಂದೇ ಕರೆಯುತ್ತಿದ್ದರು.

ಆ ಕಟ್ಟಡದೊಳಗೆ ಇನ್ನೊಂದು ಗೂಗಿಬಂಡಿ ತಾಲ್ಲೂಕಿತ್ತು. ಮೂವತ್ತು ವರ್ಷಗಳಿಂದ ಈ ತಾಲ್ಲೂಕಿನಲ್ಲಿ ಎಲ್ಲಿ ಮಗು ಹುಟ್ಟಿತು, ಎಲ್ಲಿ ಯಾರು ತೀರಿಕೊಂಡರು, ಆಂಬುಲೆನ್ಸಿಗೆ ಯಾವ ಊರಿನಿಂದ ಫೋನು ಬಂತು, ಯಾವ ಕಾಲುವೆಯ ಬಾಯಿ ಒಣಗಿತು, ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿ ಒಂದು ನೆರಳು ತಾಲ್ಲೂಕನ್ನು ಕಟ್ಟಿದ್ದರು. ಆಸ್ಪತ್ರೆಯನ್ನು ಮೊದಲು ಕಟ್ಟಿದರೆ ಏನಾಗುತ್ತದೆ, ರಸ್ತೆಯನ್ನು ಮೊದಲು ಮಾಡಿದರೆ ಏನಾಗುತ್ತದೆ ಎಂದು ಕೇಳಿದರೆ ಆ ನೆರಳು ತಾಲ್ಲೂಕು ತನ್ನೊಳಗೇ ಹತ್ತು ವರ್ಷ ಬಾಳಿ, ಸತ್ತು, ಮತ್ತೆ ಹುಟ್ಟಿ, ಸಾವಿರ ಸಲ ಹಾಗೆ ಮಾಡಿ, ಕೊನೆಗೊಂದು ಉತ್ತರ ಕೊಡುತ್ತಿತ್ತು. ಮನುಷ್ಯರು ಚಹಾ ಕುಡಿದು ಮುಗಿಸುವುದರೊಳಗೆ ಇಷ್ಟೂ ಆಗುತ್ತಿತ್ತು.

ತಾಲ್ಲೂಕಿನ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸುವ ಕಾನೂನು ಬಂದಾಗ ಅದರ ಬೆನ್ನಿಗೇ ಒಂದು ಷರತ್ತೂ ಬಂತು. ಚುನಾವಣೆಗೆ ನಿಂತವರು ತಾವು ಮಾಡುವ ಐದು ಕೆಲಸಗಳನ್ನು ಒಂದರ ಹಿಂದೆ ಒಂದರಂತೆ ಸಾಲಾಗಿ ಹೇಳಬೇಕು. ಬುಡಬುಡಕಿ ಆ ಸಾಲನ್ನು ನಡೆಸಿ ನೋಡಿ, ಫಲವನ್ನು ಪ್ರತಿ ಊರಿನ ಕಟ್ಟೆಯ ಪರದೆಯ ಮೇಲೆ ತೋರಿಸುತ್ತದೆ. ಗೆದ್ದ ಮೇಲೆ ಐದು ವರ್ಷ ಆ ಸಾಲನ್ನು ಯಾರೂ ಕದಲಿಸುವಂತಿಲ್ಲ, ಅರ್ಧ ಅವಧಿಗೆ ಒಮ್ಮೆ ಬುಡಬುಡಕಿಯೇ ಹೊಸ ಲೆಕ್ಕ ನೋಡಿ ತಿದ್ದಿದರೆ ಉಂಟು. ಸರ್ಕಾರದ ಅನುದಾನ ಅದೇ ಸಾಲಿನಲ್ಲಿ ತಾನಾಗಿ ಹರಿಯುತ್ತದೆ. ಮೊದಲನೆಯದಕ್ಕೆ ಹೊಟ್ಟೆ ತುಂಬ ಸಿಕ್ಕರೆ ಕೊನೆಯದಕ್ಕೆ ಎಲೆ ಎತ್ತುವ ಹೊತ್ತಿನ ಅನ್ನ. ಅಂಗೈಯಲ್ಲಿ ಅರಮನೆ ತೋರಿಸುವ ಉಮೇದುವಾರರ ಬಾಯಿಗೆ ಇದರಿಂದ ಬೀಗ ಬಿತ್ತೆಂದು ಜನ ಖುಷಿಪಟ್ಟರು. ಖುಷಿಪಡುವಂಥದ್ದೇ ಆಗಿತ್ತು, ಸುಳ್ಳೇಕೆ ಹೇಳಬೇಕು?

ಆ ವರ್ಷ ನಿಂತವರಲ್ಲಿ ಹುಲಿಗೆಮ್ಮ ಒಬ್ಬಳು. ಗೂಗಿಬಂಡಿಯಿಂದ ಕೃಷ್ಣಾ ದಂಡೆಯ ಎಕ್ಕಿಹಾಳಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಾಗಿದ್ದವಳು. ತಾಲ್ಲೂಕಿನ ಅರ್ಧ ಜನರ ಮುಖ ಅವಳಿಗೆ ಗೊತ್ತಿತ್ತು. ಇನ್ನರ್ಧ ಜನಕ್ಕೆ ಅವಳ ಗಂಟಲು ಗೊತ್ತಿತ್ತು. ಅವಳ ತವರು ಎಕ್ಕಿಹಾಳದ ಎದುರಿಗೆ ಹೊಳೆಯ ನಡುವೆ ಇರುವ ಜಾಲಿಗಡ್ಡಿ. ನೂರು ಮನೆಗಳ ನಡುಗಡ್ಡೆ. ಬೇಸಿಗೆಯಲ್ಲಿ ಹರಗೋಲಿನಲ್ಲಿ ಕೂತರೆ ಎಲೆ ಅಡಿಕೆ ಜಗಿದು ಮುಗಿಯುವುದರೊಳಗೆ ದಾಟಬಹುದು. ಮಳೆಗಾಲದಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಬಂಡೆಗಳ ನಡುವೆ ಬುಸುಗುಟ್ಟುತ್ತ ನುಗ್ಗುತ್ತದೆ. ಆಗ ಹರಗೋಲೂ ಇಲ್ಲ, ದೋಣಿಯೂ ಇಲ್ಲ. ಪ್ರತಿ ವರ್ಷ ಕಾರಹುಣ್ಣಿಮೆಯ ಮರುದಿನ ಜಾಲಿಗಡ್ಡಿಯ ಬಸುರಿಯರು, ಉಬ್ಬಸದ ಮುದುಕರು, ಸಕ್ಕರೆ ಕಾಯಿಲೆಯವರು ಹೊಳೆ ದಾಟಿ ಎಕ್ಕಿಹಾಳದ ನೆಂಟರ ಮನೆ ಸೇರುತ್ತಿದ್ದರು. ಇದಕ್ಕೆ ದಂಡೆ ಹಿಡಿಯುವುದು ಎಂದು ಹೆಸರು. ನೀರಿಳಿದ ಮೇಲೆ, ಸೀಗಿ ಹುಣ್ಣಿಮೆಗೆ, ಅವರು ಕೂಸುಗಳನ್ನು ಎತ್ತಿಕೊಂಡು ಮರಳುತ್ತಿದ್ದರು. ಹುಲಿಗೆಮ್ಮ ಹುಟ್ಟಿದ್ದೂ ಹಾಗೆಯೇ, ಎಕ್ಕಿಹಾಳದ ಸೋದರತ್ತೆಯ ಪಡಸಾಲೆಯಲ್ಲಿ. ಕಂಡಕ್ಟರಾದ ಮೇಲೆ ಆ ಬಸುರಿಯರು ತೋರಿಸಿಕೊಳ್ಳಲು ಪೇಟೆಗೆ ಹೊರಟಾಗ ಗಂಡಸರನ್ನು ಎಬ್ಬಿಸಿ ಮುಂದಿನ ಸೀಟು ಕೊಡಿಸುತ್ತಿದ್ದವಳೂ ಅವಳೇ.

ಅವಳು ಚುನಾವಣೆಗೆ ನಿಂತದ್ದು ಸೇತುವೆಗಾಗಿ. ಅದನ್ನು ಅವಳೇನೂ ಮುಚ್ಚಿಡಲಿಲ್ಲ. ಮುನ್ನೋಟ ಕೇಂದ್ರದ ತಂಪು ಕೋಣೆಯಲ್ಲಿ ಕೂತು ಅವಳು ಹೇಳಿದ ಸಾಲಿನ ಮೊದಲ ಹೆಸರೇ ಜಾಲಿಗಡ್ಡಿ ಸೇತುವೆ. ಆಮೇಲೆ ತಾಲ್ಲೂಕು ಆಸ್ಪತ್ರೆ, ಕಾಲುವೆಯ ಕೊನೆಯ ಭಾಗ, ಹೆಣ್ಣುಮಕ್ಕಳ ಹಾಸ್ಟೆಲು, ಮೂಡಣ ಹೋಬಳಿಯ ರಸ್ತೆ.

ಕೇಂದ್ರದ ಮುಖ್ಯಸ್ಥ ಇಂದುಧರ ಧಾರವಾಡದ ಕಡೆಯವನು. ಮೆತ್ತಗಿನ ಮಾತಿನ, ಸಣ್ಣ ವಯಸ್ಸಿಗೇ ಕೂದಲು ಉದುರಿದ ಮನುಷ್ಯ. ಅವನು ಅವಳ ಸಾಲನ್ನು ಯಂತ್ರಕ್ಕೆ ಕೊಟ್ಟ. ಗೋಡೆಯ ಮೇಲಿನ ನಕ್ಷೆಯಲ್ಲಿ ಮೂಡಣ ಹೋಬಳಿಯ ಊರುಗಳ ಮೇಲೆ ಕೆಂಪು ಚುಕ್ಕೆಗಳು ಏಳತೊಡಗಿದವು. ಹೊಳೆಯ ನಡುವಿನ ಜಾಲಿಗಡ್ಡಿ ಮಾತ್ರ ಬೆಳ್ಳಗೆ ಶುಭ್ರವಾಗಿತ್ತು.

"ಏನ್ರೀ ಈ ಕೆಂಪು?" ಎಂದಳು ಹುಲಿಗೆಮ್ಮ.

"ಉಳಿಸಬಹುದಿತ್ತು, ಉಳೀಲಿಲ್ಲ ಅನ್ನೋ ಜೀವ್ರಿ ಮೇಡಂ. ಹೆಚ್ಚಿನವು ಬಾಣಂತ್ಯಾರು, ಹಸುಗೂಸು. ಆಸ್ಪತ್ರಿ ತಡಾ ಆದ್ರ ಇಷ್ಟು."

"ಸೇತುವೆ ಮೊದಲ ಆದ್ರ ಎಷ್ಟು ಜೀವ ಉಳಿತಾವು?"

ಇಂದುಧರ ಒಂದು ಗುಂಡಿ ಒತ್ತಿದ. ಜಾಲಿಗಡ್ಡಿಯ ಪಕ್ಕದಲ್ಲಿ ಒಂದು ಸೊನ್ನೆ ಮೂಡಿತು. ಅವನು ಮುಜುಗರದಿಂದ ಹೇಳಿದ: "ಮೂವತ್ತು ವರ್ಷದಾಗ ಜಾಲಿಗಡ್ಡಿಯೊಳಗ ಹೆರಿಗಿ ಸಾವು ಒಂದೂ ಇಲ್ರೀ. ಮಳಿಗಾಲದಾಗ ಆಂಬುಲೆನ್ಸಿಗೆ ಒಂದು ಫೋನೂ ಬಂದಿಲ್ಲ. ಭಾಳ ಗಟ್ಟಿ ಊರು ನಿಮ್ದು. ಸೇತುವೆ ಆದ್ರ ಅನುಕೂಲ ಖರೆ, ಆದ್ರ ಜೀವದ ಮಾತು ಬಂದ್ರ ಅಲ್ಲೇನೂ ಇಲ್ಲ."

ಹುಲಿಗೆಮ್ಮ ಕೆಂಪು ಚುಕ್ಕೆಗಳನ್ನೇ ನೋಡುತ್ತ ಕೂತಳು. ಒಮ್ಮೆ ಮೂಡಣ ಹೋಬಳಿಯ ಹೆಣ್ಣುಮಗಳೊಬ್ಬಳು ಅವಳ ಬಸ್ಸಿನ ಹಿಂದಿನ ಸೀಟಿನಲ್ಲೇ ಹಡೆದಿದ್ದಳು. ಹುಲಿಗೆಮ್ಮ ತನ್ನ ಟವೆಲಿನಲ್ಲಿ ಕೂಸನ್ನು ಹಿಡಿದುಕೊಂಡಿದ್ದಳು. ಅದು ಅಳಲಿಲ್ಲ. ಬಸ್ಸು ಗೂಗಿಬಂಡಿ ಮುಟ್ಟುವವರೆಗೂ ಅದು ಈಗ ಅತ್ತೀತು, ಇನ್ನೊಂದಿಷ್ಟು ಹೊತ್ತಿಗೆ ಅತ್ತೀತು ಎಂದು ಅವಳು ಅದರ ಬೆನ್ನು ತಿಕ್ಕುತ್ತಲೇ ಇದ್ದಳು. ಅಂಥವೇ ಕೂಸುಗಳು ಈ ನಕ್ಷೆಯಲ್ಲಿ ಒಂದೊಂದು ಕೆಂಪು ಚುಕ್ಕೆಯಾಗಿ ಕೂತಿವೆ ಎನ್ನಿಸಿತು.

"ಆಸ್ಪತ್ರಿ ಮೊದಲ ಹಾಕ್ರಿ," ಎಂದಳು. ಜಾಲಿಗಡ್ಡಿಯ ಸೊನ್ನೆಯನ್ನು ಮತ್ತೊಮ್ಮೆ ನೋಡಿ, "ಸೇತುವೆ ಕಡೀಗಿ ಹಾಕ್ರಿ."

ಚುಕ್ಕೆಗಳು ಒಂದೊಂದಾಗಿ ಆರಿದವು. ಇಂದುಧರ ಅವಳತ್ತ ನೋಡಿ ಕೈಮುಗಿದ.

ಮರುದಿನ ಹುಲಿಗೆಮ್ಮ ಜಾಲಿಗಡ್ಡಿಗೆ ಹೋದಳು. ಅವಳ ತಾಯಿ ಹನುಮವ್ವ ಅಂಗಳದಲ್ಲಿ ಕೂತು ಮೀನು ಹೆರೆಯುತ್ತಿದ್ದಳು. ತಂಗಿ ದುರುಗಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ದುರುಗಮ್ಮನಿಗೆ ಅದೇ ಊರಿನಲ್ಲೇ ಮದುವೆಯಾಗಿತ್ತು. ಗಂಡ ಭೀಮೇಶ ಒಳ್ಳೆಯವನು, ಹೊಲ ಒಳ್ಳೆಯದು, ಕೂಸೊಂದೇ ಆಗಿರಲಿಲ್ಲ. ಹುಲಿಗೆಮ್ಮ ಸುತ್ತು ಬಳಸದೆ ಹೇಳಿಬಿಟ್ಟಳು.

"ಯವ್ವಾ, ಸೇತುವೆ ಕಡೀಗಿ ಇಟ್ಟೀನಿ."

ಹನುಮವ್ವ ತಲೆ ಎತ್ತಲಿಲ್ಲ. "ನಿಮ್ಮ ಬುಡಬುಡಕಿ ಏನಂತು?"

"ಮೂವತ್ತು ವರ್ಷದಾಗ ಇಲ್ಲಿ ಒಬ್ಬ ಬಾಣಂತಿನೂ ಸತ್ತಿಲ್ಲ ಅಂತು."

ಮುದುಕಿಯ ಮುಖ ಅರಳಿತು. "ಹೌದ್ ಮತ್ತ! ನಾವು ಸಾಯಾಕ ಬಿಟ್ಟೀವೇನು? ನಮ್ಮ ಹೆಣ್ಮಕ್ಳನ್ನ ನಾವು ಹೂವಿನಂಗ ದಾಟಿಸ್ತೀವಿ."

ಮೂವರೂ ನಕ್ಕರು. ಆ ಮಾತಿನಲ್ಲಿ ಏನಿತ್ತು ಎಂಬುದು ಆಡಿದವಳಿಗೂ ತಿಳಿಯಲಿಲ್ಲ, ಕೇಳಿದವರಿಗೂ ತಿಳಿಯಲಿಲ್ಲ. ದಿನಾ ಉಸಿರಾಡುವವನಿಗೆ ಗಾಳಿಯ ನೆನಪಾಗುವುದಿಲ್ಲ, ಇದೂ ಹಾಗೆಯೇ.

ದುರುಗಮ್ಮ ಬಿಸಿ ರೊಟ್ಟಿಯನ್ನು ಅಕ್ಕನ ಕೈಗೆ ಹಾಕುತ್ತ, "ಇರಲಿ ಬಿಡಕ್ಕಾ. ಇಷ್ಟು ವರ್ಷ ಕಾದೀವಿ, ಇನ್ನೈದು ಕಾಯ್ತೀವಿ. ಅಷ್ಟರಾಗ ನಂಗೊಂದು ಕೂಸಾದ್ರ ಸಾಕು. ಸೇತುವೆ ಮ್ಯಾಲೆ ಅದನ್ನ ನಡಿಸ್ಕೋಂತ ನಿನ್ ಮನೀಗಿ ಬರ್ತೀನಿ," ಎಂದಳು.

ಹುಲಿಗೆಮ್ಮ ಗೆದ್ದದ್ದು ಸಾಲಿನ ಕಡೆಗಿಟ್ಟ ಆ ಸೇತುವೆಯಿಂದಲೇ. ತನ್ನ ಊರಿನ ಸೇತುವೆಯನ್ನು ತಾನೇ ಹಿಂದಕ್ಕೆ ಸರಿಸಿದವಳು ಎಂದು ಕಟ್ಟೆಗಳ ಮೇಲೆ ಜನ ಅವಳ ಹೆಸರೆತ್ತಿ ಮಾತಾಡಿದರು. ಎದುರಾಳಿ ವೀರಭದ್ರಗೌಡ ಐದೂ ಕೆಲಸ ಒಟ್ಟಿಗೇ ಮಾಡುತ್ತೇನೆಂದು ಹಟ ಹಿಡಿದು, ಬುಡಬುಡಕಿಯ ಪರದೆಯ ಮೇಲೆ ಐದೂ ಅರ್ಧಕ್ಕೆ ನಿಂತದ್ದನ್ನು ತಾಲ್ಲೂಕಿಗೆಲ್ಲ ತೋರಿಸಿಕೊಂಡು ಸೋತ.

ಎರಡು ವರ್ಷದಲ್ಲಿ ಆಸ್ಪತ್ರೆ ಎದ್ದಿತು. ಯಂತ್ರ ಸುಳ್ಳು ಹೇಳಿರಲಿಲ್ಲ. ಮೂಡಣ ಹೋಬಳಿಯ ಹೆಣ್ಣುಮಕ್ಕಳು ಕೂಸು ಎತ್ತಿಕೊಂಡು ಬಂದು ಹುಲಿಗೆಮ್ಮನ ಮಡಿಲಿಗೆ ಹಾಕಿ ಹೆಸರಿಡು ಎನ್ನುತ್ತಿದ್ದರು. ಎಕ್ಕಿಹಾಳಕ್ಕೂ ಒಂದು ಹೆರಿಗೆ ಮನೆ ಬಂತು. ಅಷ್ಟು ಸಣ್ಣ ಊರಿಗೆ ಏಕೆ ಎಂದು ಹುಲಿಗೆಮ್ಮ ಕೇಳಿದಾಗ ಇಂದುಧರ ನಗುತ್ತ, "ಎಕ್ಕಿಹಾಳದ ಹೆಣ್ಮಕ್ಳು ಭಾಳ ಹಡೀತಾರ್ರೀ ಮೇಡಂ. ಲೆಕ್ಕದಾಗ ಹಂಗೇ ಐತಿ," ಎಂದಿದ್ದ. ಅವಳೂ ನಕ್ಕಿದ್ದಳು. ಆ ನಗು ಮುಂದೆ ಎಷ್ಟೋ ದಿನ ಅವಳನ್ನು ಉಣ್ಣುವ ತಟ್ಟೆಯ ಮುಂದಿನಿಂದ ಎಬ್ಬಿಸಿತು.

ಮೂರನೆಯ ವರ್ಷ ದುರುಗಮ್ಮ ಬಸುರಿಯಾದಳು. ಹನುಮವ್ವ ಹೊಳೆಗೆ ಅರಿಶಿನ ಕುಂಕುಮ ಬಿಟ್ಟಳು. ಕಾರಹುಣ್ಣಿಮೆ ಕಳೆದ ಮರುದಿನ ಮಗಳನ್ನು ದಂಡೆಗೆ ಕಳಿಸಲು ಹೊಸ ಕೌದಿ, ಒಂದು ಚೀಲ ಅಕ್ಕಿ, ಎರಡು ಕೋಳಿ ಸಿದ್ಧವಾದವು. "ಈಗಲೇ ಬಂದುಬಿಡು, ನನ್ನ ಮನ್ಯಾಗ ಇರು," ಎಂದು ಹುಲಿಗೆಮ್ಮ ಫೋನಿನಲ್ಲಿ ಹೇಳಿದಾಗ ಮುದುಕಿ ಒಪ್ಪಲಿಲ್ಲ. ಹೊಳೆ ಇಳಿದಿರುವಾಗಲೇ ಹೆದರಿ ಓಡಿದರೆ ಹೊಳೆ ಬೆನ್ನು ಹತ್ತುತ್ತದೆ ಎಂಬುದು ಅಲ್ಲಿನ ನಂಬಿಕೆ. ಕಾರಹುಣ್ಣಿಮೆಗೆ ಮುಂಚೆ ಜಾಲಿಗಡ್ಡಿಯ ಯಾವ ಬಸುರಿಯೂ ದಂಡೆ ಹಿಡಿದದ್ದಿಲ್ಲ. ಹುಲಿಗೆಮ್ಮನೂ ಹೆಚ್ಚು ಒತ್ತಾಯಿಸಲಿಲ್ಲ, ಅವಳೂ ಅದೇ ನೀರು ಕುಡಿದು ಬೆಳೆದವಳು.

ಆ ವರ್ಷ ಮಳೆ ಕಾರಹುಣ್ಣಿಮೆಗೂ ಮುಂಚೆ, ವೈಶಾಖದಲ್ಲೇ ಬಂತು. ಇಲ್ಲಿ ಒಂದು ಹನಿಯೂ ಇಲ್ಲ. ಮೇಲೆ, ಹೊಳೆ ಹುಟ್ಟುವ ಘಟ್ಟಗಳಲ್ಲಿ, ಕಾಲವಲ್ಲದ ಕಾಲದಲ್ಲಿ ಆಕಾಶ ಹರಿದು ಬಿತ್ತು. ಅಣೆಕಟ್ಟು ತುಂಬಿ ಬಾಗಿಲು ತೆರೆಯದೆ ಗತಿಯಿರಲಿಲ್ಲ. ಮುನ್ನೋಟ ಕೇಂದ್ರದ ಪರದೆಯ ಮೇಲೆ ಹೊಳೆಯ ನೀಲಿಗೆರೆ ಬೆಳಗಿನಿಂದ ದಪ್ಪವಾಗುತ್ತ ಬಂತು. ಹುಲಿಗೆಮ್ಮ ಅದರ ಮುಂದೆ ನಿಂತು ಕೆಳದಂಡೆಯ ಊರುಗಳನ್ನು ಖಾಲಿ ಮಾಡಿಸುತ್ತಿದ್ದಳು. ಆಗ ತಾಯಿಯ ಫೋನು ಬಂತು.

"ದುರುಗಿಗೆ ಬ್ಯಾನಿ ಚಾಲೂ ಆಗ್ಯಾವ. ಎಂಟು ತುಂಬಿಲ್ಲವ್ವಾ ಇನ್ನಾ. ರಕ್ತ ಹೊಂಟೈತಿ."

ಹುಲಿಗೆಮ್ಮ ಆಸ್ಪತ್ರೆಯ ಡಾಕ್ಟರಮ್ಮನನ್ನು ಜೀಪಿನಲ್ಲಿ ಕೂಡಿಸಿಕೊಂಡು ಎಕ್ಕಿಹಾಳದ ದಂಡೆಗೆ ಹಾರಿದಳು. ಹೊಳೆ ಆಗಲೇ ಕೆಂಪಗೆ ಉಕ್ಕಿ, ಬೇರುಸಹಿತ ಕಿತ್ತ ಮರಗಳನ್ನು ಉರುಳಿಸುತ್ತ ಬರುತ್ತಿತ್ತು. ಹುಟ್ಟಿದಂದಿನಿಂದ ಈ ನೀರಿನ ಮೇಲೆ ಬದುಕಿದ ಅಂಬಿಗರ ನರಸಪ್ಪ ಹರಗೋಲನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದ. ಅವಳನ್ನು ಕಂಡೊಡನೆ ತಲೆ ತಗ್ಗಿಸಿದ. "ಹಾಕ್ತೀನಿ ಅಂದ್ರ ಹಾಕ್ತೀನವ್ವಾ, ನನಗೇನಿಲ್ಲ. ಆದ್ರ ಆ ದಂಡಿ ಮುಟ್ಟಂಗಿಲ್ಲ. ಡಾಕ್ಟರಮ್ಮನ್ನ ಕೊಂದಂಗಾಕ್ಕೈತಿ."

ಹೆಲಿಕಾಪ್ಟರಿಗೆ ಹೇಳಿಯಾಗಿತ್ತು, ಅದು ಮೇಲಿನ ಜಿಲ್ಲೆಗಳಲ್ಲಿ ಮನೆಯ ಮಾಳಿಗೆಗಳ ಮೇಲಿಂದ ಜನರನ್ನು ಎತ್ತುತ್ತಿತ್ತು. ಡ್ರೋನು ಮಾತ್ರ ಹಾರಿತು. ಔಷಧ, ಕೈಗವಸು, ಎರಡು ಚೀಲ ರಕ್ತ ಹನುಮವ್ವನ ಅಂಗಳದಲ್ಲಿ ಇಳಿದವು. ರಕ್ತ ಬಂತು; ಅದನ್ನು ಏರಿಸುವ ಕೈ ಬರಲಿಲ್ಲ. ಡಾಕ್ಟರಮ್ಮ ಫೋನಿನಲ್ಲಿ ಒಂದೊಂದಾಗಿ ಹೇಳಿಕೊಟ್ಟಳು, ಮುದುಕಿ ಹೇಳಿದಷ್ಟು ಮಾಡಿದಳು. ಮಧ್ಯಾಹ್ನದ ಬಿಸಿಲಿನಲ್ಲಿ ಆಚೆ ದಂಡೆಯ ಮನೆಗಳು, ಒಣಹಾಕಿದ ಬಟ್ಟೆಗಳು, ತಾಯಿಯ ಮನೆಯ ನೀಲಿ ಬಾಗಿಲು ಎಲ್ಲವೂ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿದ್ದವು.

ಕೂಸು ಹುಟ್ಟಿತು. ಹೆಣ್ಣು. ಅತ್ತಿತು. ಫೋನಿನಲ್ಲಿ ಆ ಅಳು ಕೇಳಿ ದಂಡೆಯಲ್ಲಿ ನಿಂತವರೆಲ್ಲ ಉಸಿರು ಬಿಟ್ಟರು. ಆದರೆ ರಕ್ತ ನಿಲ್ಲಲಿಲ್ಲ.

ತುಸು ಹೊತ್ತಿನ ಮೇಲೆ ದುರುಗಮ್ಮನೇ ಮಾತಾಡಿದಳು. ಬಾಗಿಲು ತೆರೆಸಿ, ಮುಖವನ್ನು ಹೊಳೆಯ ಕಡೆಗೆ ಮಾಡಿಸಿಕೊಂಡಿದ್ದಳಂತೆ.

"ಅಕ್ಕಾ, ಹಸಿರು ಸೀರಿ ಉಟ್ಟೀಯೇನು?"

"ಹೂನ್ ದುರುಗಿ."

"ಕಾಣ್ತೀ. ಕೈ ಬೀಸು."

ಹುಲಿಗೆಮ್ಮ ಎರಡೂ ಕೈ ಎತ್ತಿ ಬೀಸಿದಳು. ಸೆರಗು ಬಿಚ್ಚಿ ಬೀಸಿದಳು. ತಾಯಿಯ ಅಳು ಹೊಳೆಯ ಸದ್ದನ್ನು ಮೀರಿ ಕೇಳಿಸಿದ ಮೇಲೂ ಬೀಸುತ್ತಲೇ ಇದ್ದಳು. ಕೊನೆಗೆ ನರಸಪ್ಪ ಬಂದು ಅವಳ ಕೈಗಳನ್ನು ಹಿಡಿದು ಕೆಳಗಿಳಿಸಿದ.

ನೀರಿಳಿದು ಹುಲಿಗೆಮ್ಮ ಜಾಲಿಗಡ್ಡಿಗೆ ಹೋಗುವಷ್ಟರಲ್ಲಿ ತಂಗಿಯನ್ನು ಮಣ್ಣು ಮಾಡಿಯಾಗಿತ್ತು. ತಾಯಿ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೂಸನ್ನು ತಂದು ಅವಳ ತೊಡೆಯ ಮೇಲೆ ಮಲಗಿಸಿ, ತಾನು ಒಲೆ ಉರಿಸಲು ಹೋದಳು.

ಗೂಗಿಬಂಡಿಗೆ ಮರಳಿದ ಮೇಲೆ ಅವಳ ಕಾಲು ತಾನಾಗಿ ಮುನ್ನೋಟ ಕೇಂದ್ರದತ್ತ ನಡೆಯಿತು. ಇಂದುಧರ ಎದ್ದು ನಿಂತ. ಪರದೆಯತ್ತ ಕೈ ತೋರಿಸಿದ. ನಕ್ಷೆಯಲ್ಲಿ ಜಾಲಿಗಡ್ಡಿಯ ಮೇಲೆ ಮೊದಲ ಬಾರಿಗೆ ಒಂದು ಕೆಂಪು ಚುಕ್ಕೆ ಇತ್ತು.

"ಅದು ನನ್ನ ತಂಗಿ," ಎಂದಳು ಹುಲಿಗೆಮ್ಮ.

"ಹೂನ್ರಿ."

"ಮೂವತ್ತು ವರ್ಷ ಯಾಕ ಇರ್ಲಿಲ್ಲ ಇದು?" ಅವಳು ತನ್ನಷ್ಟಕ್ಕೆ ತಾನೇ ಎಂಬಂತೆ ಕೇಳಿದಳು. ಕೇಳುತ್ತಿರುವಾಗಲೇ ಅವಳ ಕಣ್ಣ ಮುಂದೆ ಬಸ್ಸಿನ ಮುಂದಿನ ಸೀಟುಗಳು ಬಂದವು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಕಿಟಕಿಯಾಚೆ ಹೊಳೆಯನ್ನು ನೋಡುತ್ತ ಕೂತ ಹೆಣ್ಣುಮಕ್ಕಳು. ವರ್ಷ ವರ್ಷವೂ ಬಂದವರು. ತಾನೇ ಕೂಡಿಸಿದವರು. ಅವಳು ಕುರ್ಚಿ ಎಳೆದುಕೊಂಡು ಕೂತಳು. ಒಂದೊಂದೇ ಮಾತಾಗಿ ದಂಡೆ ಹಿಡಿಯುವುದನ್ನು ಇಂದುಧರನಿಗೆ ಹೇಳಿದಳು: ಹಡೆಯುವವರು ಹಡೆಯುವ ಮುಂಚೆಯೇ ದಾಟುತ್ತಾರೆ. ಉಬ್ಬಸದವರು ಉಬ್ಬಸ ಏಳುವ ಮುಂಚೆಯೇ ದಾಟುತ್ತಾರೆ. ಮಳೆಗಾಲದಲ್ಲಿ ಗಡ್ಡೆಯಲ್ಲಿ ಉಳಿಯುವವರು ಗಟ್ಟಿಮುಟ್ಟಾದವರು ಮಾತ್ರ. ಯಾರು ಫೋನು ಮಾಡಬೇಕಿತ್ತು?

ಇಂದುಧರ ನಕ್ಷೆಯಲ್ಲಿ ಎಕ್ಕಿಹಾಳದ ಮೇಲೆ ಬೆರಳಿಟ್ಟ. "ಹಂಗಾದ್ರ ಎಕ್ಕಿಹಾಳದ ಆ ಹೆರಿಗಿ..." ಎಂದ.

"ನಮ್ಮವು. ನಾನೂ ಅಲ್ಲೇ ಹುಟ್ಟೀನಿ. ನನ್ನನ್ನೂ ನಿಮ್ಮ ಯಂತ್ರ ಎಕ್ಕಿಹಾಳದಾಕಿ ಅಂತ ತಿಳ್ಕೊಂಡಿರ್ತೈತಿ. ಈಗ ಹೇಳ್ರಿ ಅದಕ್ಕ. ನಾ ಹೇಳಿದ್ದೆಲ್ಲಾ ಉಣಿಸ್ರಿ."

"ಬರಂಗಿಲ್ರೀ ಮೇಡಂ." ಅವನ ಕಣ್ಣಲ್ಲಿ ನೀರಿತ್ತು. "ಬಾಯಿಮಾತು ಉಣಿಸಬಾರದು ಅಂತ ಕಾನೂನಿನಾಗ ಐತಿ. ಇಲ್ಲಾಂದ್ರ ಆರಿಸಿ ಬಂದವ್ರೆಲ್ಲಾ ತಮ್ಮ ಊರಿಗೊಂದು ಕಷ್ಟ ಕಟ್ಟಿ ಹೇಳ್ತಿದ್ರು. ಆದದ್ದು ಎಲ್ಲಿ ಆತೋ ಅಲ್ಲೀದು ಮಾತ್ರ ಅದಕ್ಕ ಲೆಕ್ಕ. ಅರ್ಧ ಅವಧಿಗೆ ಒಮ್ಮೆ ಅದು ತಾನ ಸಾಲು ತಿದ್ದತೈತಿ. ಈಗ ತಿದ್ದೇತಿ. ನಿಮ್ಮ ಸೇತುವೆ ಐದರಿಂದ ನಾಕಕ್ಕ ಬಂದೈತಿ."

"ಒಂದು ಸಾವಿಗೆ ಒಂದು ಮೆಟ್ಟಲು."

"ಇನ್ನೂ ಒಂದೆರಡು ಆಗಿದ್ರ..." ಎಂದವನು ತನ್ನ ಮಾತು ತನಗೇ ಕೇಳಿಸಿ, ಬೆಂಕಿ ಮುಟ್ಟಿದವನಂತೆ ಬಾಯಿ ಮುಚ್ಚಿಕೊಂಡ.

ಹುಲಿಗೆಮ್ಮ ಕೈಕಟ್ಟಿ ಕೂರಲಿಲ್ಲ. ರಾಜಧಾನಿಗೆ ಹೋಗಿ ಮಂತ್ರಿಗಳ ಬಾಗಿಲು ಕಾದಳು. ಎಲ್ಲರೂ ಸಮಾಧಾನ ಹೇಳಿದರು, ಕಾನೂನಿಗೆ ತಿದ್ದುಪಡಿ ತರುವುದಾಗಿ ಹೇಳಿದರು, ಸಮಿತಿ ಮಾಡಿದರು. ಗಡ್ಡೆಗೆ ಒಬ್ಬ ನರ್ಸನ್ನಾದರೂ ಕೊಡಿ ಎಂದಳು. ನರ್ಸುಗಳೂ ಬುಡಬುಡಕಿಯ ಲೆಕ್ಕದ ಮೇಲೆಯೇ ಹೋಗುವವರು. ಮಳೆಗಾಲದಲ್ಲಿ ಹೆರಿಗೆಯೇ ಇಲ್ಲದ ಊರಿಗೆ ನರ್ಸು ಹೇಗೆ? ತಾವಾಗಿ ಬರುವವರನ್ನು ಹುಡುಕಿದಳು. ಮಳೆಗಾಲ ಪೂರ್ತಿ ನೀರಿನ ನಡುವೆ ಇರಲು ಯಾರೂ ಒಪ್ಪಲಿಲ್ಲ. ಅವರನ್ನು ಬೈಯುವ ಹಕ್ಕು ತನಗಿಲ್ಲ ಎಂದುಕೊಂಡು ಸುಮ್ಮನಾದಳು.

ಒಂದು ಸಂಜೆ ತಾಯಿಯ ಪಕ್ಕದಲ್ಲಿ ಕೂತು ಎದೆಯಲ್ಲಿದ್ದದ್ದನ್ನೆಲ್ಲ ಕಕ್ಕಿಬಿಟ್ಟಳು. ಇಂದುಧರ ಹೇಳಿ ನುಂಗಿದ ಆ ಅರ್ಧ ಮಾತನ್ನೂ ಹೇಳಿದಳು. ಹೇಳಬಾರದಿತ್ತು. ದುಃಖದಲ್ಲಿ ಇದ್ದವರಿಗೆ ಯಾವುದನ್ನು ಹೇಳಬೇಕು, ಯಾವುದನ್ನು ಹೇಳಬಾರದು ಎಂಬುದು ಎಲ್ಲಿ ಗೊತ್ತಾಗುತ್ತದೆ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಹನುಮವ್ವ ಕೂಸಿಗೆ ಹಾಲು ಕುಡಿಸುತ್ತ ಕೇಳಿಸಿಕೊಂಡಳು. "ಅಂದ್ರ, ನಾವು ಜ್ವಾಕಿ ಮಾಡಿ ಬದುಕಿದ್ದಕ್ಕ ಅದಕ್ಕ ನಾವು ಕಾಣ್ಲಿಲ್ಲ?"

"ಹೂಂ ಯವ್ವಾ."

"ಲೆಕ್ಕಕ್ಕ ಬರಬೇಕಂದ್ರ ಸಾಯಬೇಕು?"

ಹುಲಿಗೆಮ್ಮ ಸೆರಗಿನಿಂದ ಕೂಸಿನ ಬಾಯಿ ಒರೆಸಿದಳು. ಮುದುಕಿ ಆ ಮಾತನ್ನು ಅಷ್ಟಕ್ಕೇ ಬಿಟ್ಟಳು ಎಂದುಕೊಂಡಳು. ಆದರೆ ಬಾವಿಕಟ್ಟೆಯ ಮೇಲೆ, ಹತ್ತಿ ಬಿಡಿಸುವ ಸಾಲಿನಲ್ಲಿ, ಆ ಮಾತು ಜಾಲಿಗಡ್ಡಿಯ ಎಲ್ಲ ಹೆಂಗಸರ ಕಿವಿಗೂ ಮುಟ್ಟಿತ್ತು.

ಮರುವರ್ಷದ ಕಾರಹುಣ್ಣಿಮೆ ಬಂತು. ಎತ್ತುಗಳ ಕೊಂಬಿನ ಬಣ್ಣ ಇನ್ನೂ ಆರಿರಲಿಲ್ಲ. ಮರುದಿನ ಬೆಳಿಗ್ಗೆ ಹುಲಿಗೆಮ್ಮ ಎಕ್ಕಿಹಾಳದ ದಂಡೆಯಲ್ಲಿ ಒಂದು ಬಸ್ಸು ನಿಲ್ಲಿಸಿಕೊಂಡು ಕಾದಳು. ನರಸಪ್ಪನ ಹರಗೋಲು ಬಂತು. ಅದರಲ್ಲಿ ಉಬ್ಬಸದ ಮುದುಕರಿದ್ದರು, ಒಂದೆರಡು ಕೋಳಿಗಳಿದ್ದವು. ಬಸುರಿಯರಿರಲಿಲ್ಲ.

"ಹೆಣ್ಮಕ್ಳು ಎಲ್ಲಿ ಕಾಕಾ?"

ನರಸಪ್ಪ ಹುಟ್ಟನ್ನು ಕೆಳಗಿಟ್ಟ. "ಬರಂಗಿಲ್ಲ ಅಂತಾರವ್ವಾ. ಮೂರು ಮಂದಿ ಅದಾರ. ನಿಮ್ಮವ್ವನ ಮನಿ ಮುಂದ ಕುಂತಾರ. ನನ್ನ ಮಾತು ಕೇಳಾವಲ್ರು."

ಅವಳು ಅದೇ ಹರಗೋಲಿನಲ್ಲಿ ದಾಟಿದಳು. ಮೋಡ ಕಟ್ಟಿತ್ತು. ಅಣೆಕಟ್ಟಿನ ಬಾಗಿಲು ಅಂದೇ ಮಧ್ಯಾಹ್ನ ತೆರೆಯುವುದೆಂದು ಅವಳಿಗೆ ಸಂದೇಶ ಬಂದಿತ್ತು. ನೀಲಿ ಬಾಗಿಲಿನ ಮುಂದೆ ಚಾಪೆ ಹಾಸಿಕೊಂಡು ಮೂವರು ಕೂತಿದ್ದರು. ಹನುಮವ್ವ ಕಂಬಕ್ಕೆ ಒರಗಿದ್ದಳು. ದುರುಗಮ್ಮನ ಮಗಳು ಆ ಮೂವರ ನಡುವೆ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಕೈ ಹಾಕುತ್ತ ಹೆಜ್ಜೆ ಇಡಲು ಕಲಿಯುತ್ತಿತ್ತು.

"ಏಳ್ರಿ," ಎಂದಳು ಹುಲಿಗೆಮ್ಮ. "ಬಸ್ಸು ನಿಂತೈತಿ. ಮುಂದಿನ ಸೀಟು ನಿಮಗ ಇಟ್ಟೀನಿ. ಏಳ್ರಿ ಯವ್ವಾ."

ಯಾರೂ ಏಳಲಿಲ್ಲ. ಅವಳು ಬೇಡಿಕೊಂಡಳು, ಬೈದಳು, ತಂಗಿಯ ಹೆಸರು ಹೇಳಿ ಅತ್ತಳು. ಪೊಲೀಸರನ್ನು ಕರೆಸಿ ಹೊತ್ತುಕೊಂಡು ಹೋಗುತ್ತೇನೆ ಎಂದೂ ಅಂದಳು. ಅದು ಬಾಯಿಂದ ಬಂದೊಡನೆ ನಾಚಿ ತಲೆ ತಗ್ಗಿಸಿದಳು. ಕೊನೆಗೆ ತಾಯಿಯ ಕಾಲು ಹಿಡಿದಳು. "ನೀನರ ಹೇಳ ಯವ್ವಾ. ನಾ ಆ ಮಾತು ಆಡಬಾರದಾಗಿತ್ತು. ತಪ್ಪಾತು."

ಹನುಮವ್ವನ ಕಣ್ಣು ತುಂಬಿತು. ತಾನು ಊದಿದ ಕಿಡಿ ಎಲ್ಲಿಗೆ ಹತ್ತಿತೆಂದು ಅವಳಿಗೂ ಆಗಲೇ ಅರಿವಾದಂತಿತ್ತು. ಬಸುರಿಯರ ಕಡೆ ತಿರುಗಿ, "ಹೋಗ್ರೆವ್ವಾ. ನನ್ನ ಹೊಟ್ಟಿ ಉರದದ್ದು ಸಾಕು. ನಿಮ್ಮವ್ವಗೋಳ ಹೊಟ್ಟಿ ಉರೀಬಾರದು," ಎಂದಳು.

ಇಬ್ಬರು ಎದ್ದರು. ಒಬ್ಬಳು ಅಳುತ್ತಲೇ ಗಂಟು ಎತ್ತಿಕೊಂಡಳು. ಮೂರನೆಯವಳು ಮಾತ್ರ ಕೂತೇ ಇದ್ದಳು. ಶರಣಮ್ಮ, ದುರುಗಮ್ಮನ ಗಂಡ ಭೀಮೇಶನ ತಮ್ಮನ ಹೆಂಡತಿ. ಚೊಚ್ಚಲು. ದುರುಗಮ್ಮನ ಕೂಸು ಅವಳ ಸೆರಗು ಹಿಡಿದು ನಿಂತಿತ್ತು.

"ನೀನೂ ಏಳು ತಂಗಿ."

"ಎಲ್ಲಾರೂ ಹೋದ್ರ ಗಡ್ಡಿ ಮತ್ತ ಸೊನ್ನಿ ಆಕ್ಕೈತಲ್ಲಕ್ಕಾ." ಶರಣಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮಕ್ಕ ಸತ್ತದ್ದಕ್ಕ ಒಂದು ಮೆಟ್ಟಲು ಏರೇತಿ. ಈಗ ನಾವೆಲ್ಲಾ ಓಡಿದ್ರ ಅದೂ ಇಳೀತೈತಿ. ಈ ಕೂಸು ದೊಡ್ಡಾಕಿ ಆಗಿ ಮತ್ತ ಗಂಟು ಹೊತ್ಕೊಂಡು ದಂಡಿ ಹಿಡೀಬೇಕೇನು? ಯಾರರ ಒಬ್ರು ಇರಬೇಕು. ನಾ ಇರ್ತೀನಿ. ನಾ ಸಾಯಾಕಂತ ಇರಾಂಗಿಲ್ಲಕ್ಕಾ, ಇಲ್ಲೂ ಮಂದಿ ಹಡೀತಾರ ಅಂತ ತೋರಸಾಕ ಇರ್ತೀನಿ."

ಹುಲಿಗೆಮ್ಮ ಅವಳ ಗಂಡನ ಮುಖ ನೋಡಿದಳು. ಅವನು ಬೆಳಗ್ಗಿನಿಂದ ಹೇಳಿ ಹೇಳಿ ಸೋತು ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ದಂಡೆಯಿಂದ ನರಸಪ್ಪ ಕೂಗಿದ: "ನೀರು ಬಣ್ಣಾ ಬದಲಿಸೇತಿ, ಬರೋರು ಬರ್ರೆವ್ವಾ! ಇದ ಕಡೀ ಸಲ!"

ಇಬ್ಬರು ಬಸುರಿಯರನ್ನು ಅವಳು ಕೈಹಿಡಿದು ಹರಗೋಲಿಗೆ ಹತ್ತಿಸಿದಳು. ತಾನು ಹತ್ತಲಿಲ್ಲ. ನರಸಪ್ಪ ಹುಟ್ಟು ಹಿಡಿದು ಅವಳ ಮುಖವನ್ನೇ ನೋಡಿದ. ಅವಳು ಕಂಡಕ್ಟರ್ ಆಗಿದ್ದಾಗಿನ ಅಭ್ಯಾಸದಂತೆ ಹರಗೋಲಿನ ಅಂಚನ್ನು ಎರಡು ಸಲ ತಟ್ಟಿದಳು. "ಹೋಗ್ಲಿ ರೈಟ್."

ಮಧ್ಯಾಹ್ನಕ್ಕೆ ಹೊಳೆ ಬಂತು. ಎಕ್ಕಿಹಾಳದ ದಂಡೆಯಲ್ಲಿ ಬಸ್ಸು ಇನ್ನೂ ನಿಂತಿತ್ತು, ಡಾಕ್ಟರಮ್ಮ ಅದರ ಪಕ್ಕದಲ್ಲಿ ನಿಂತಿದ್ದಳು. ಹುಲಿಗೆಮ್ಮ ನೀಲಿ ಬಾಗಿಲಿನ ಹೊಸಿಲ ಮೇಲೆ ಶರಣಮ್ಮನ ಪಕ್ಕ ಕೂತಳು. ಅವಳಿಗೆ ಹೆರಿಗೆ ಮಾಡಿಸಲು ಬರುತ್ತಿರಲಿಲ್ಲ. ಬಸ್ಸಿನಲ್ಲಿ ಒಮ್ಮೆ ಹಿಡಿದ ಕೂಸು ಅಳದೇ ಹೋಗಿತ್ತು. ಅದು ನೆನಪಾಗಿ ಅವಳು ತನ್ನ ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು. ಶರಣಮ್ಮ ಆ ಕೈಯನ್ನು ಹುಡುಕಿ ತೆಗೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗೆ ಕೂಸು ಒದ್ದದ್ದು ಇಬ್ಬರಿಗೂ ತಿಳಿಯಿತು.

ಗೂಗಿಬಂಡಿಯ ಬಿಳಿ ಕಟ್ಟಡದಲ್ಲಿ ಇಂದುಧರ ಒಬ್ಬನೇ ಪರದೆಯ ಮುಂದೆ ನಿಂತಿದ್ದ. ತಾಲ್ಲೂಕಿನ ಅಧ್ಯಕ್ಷೆಯ ಫೋನು ಜಾಲಿಗಡ್ಡಿಯಲ್ಲಿ ಇರುವುದು ಅವನಿಗೆ ಕಾಣುತ್ತಿತ್ತು. ಯಂತ್ರವನ್ನು ಮತ್ತೆ ಮತ್ತೆ ಕೇಳಿದ. ಅದು ಪ್ರತಿ ಸಲವೂ ಹತ್ತು ವರ್ಷ ಬಾಳಿ ಬಂದು ಅದೇ ಉತ್ತರ ಕೊಟ್ಟಿತು. ಸೇತುವೆ ಸಾಲಿನ ನಾಲ್ಕನೆಯ ಜಾಗದಲ್ಲೇ ಇತ್ತು. ಜಾಲಿಗಡ್ಡಿಯಲ್ಲಿ ಅದರ ಕಣ್ಣಿಗೆ ಕಾಣುವಂಥ ಹೊಸದೇನೂ ಇನ್ನೂ ಆಗಿರಲಿಲ್ಲ.